ತಾಳೆಯಾಗದ 270 ರೂಪಾಯಿ

ಪ್ರಶ್ನೆ: ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ದಾವಣಗೆರೆಯ ಸಗಟು ಕಿರಾಣಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಹೋದ ತಿಂಗಳು ಒಂದು ಸಂದರ್ಶನದಲ್ಲಿ, ‘ನಿಮ್ಮ ಲಾಜಿಕಲ್ ಥಿಂಕಿಂಗ್ ಹೇಗಿದೆ? ಒಂದು ಉದಾಹರಣೆ ಕೊಡಿ’ ಎಂದರು. ‘ಚೆನ್ನಾಗಿದೆ ಸರ್, ಏನು ಮಾಡಿದರೂ ಯೋಚಿಸಿಯೇ ಮಾಡುತ್ತೇನೆ’ ಎಂದೆ. ಆಮೇಲೆ ಒಂಬತ್ತು ನಾಣ್ಯದ ಒಗಟು ಕೇಳಿದರು. ಬಾಯಿ ಕಟ್ಟಿಹೋಯಿತು. ಇಂಥದ್ದಕ್ಕೆ ಏನು ಹೇಳಬೇಕು? ರೀಸನಿಂಗ್ ಪುಸ್ತಕ ಓದಿದರೆ ಸಾಕೆ?

ಉತ್ತರ: ಪುಸ್ತಕದ ಮಾತು ಮೊದಲು ಮುಗಿಸಿಬಿಡೋಣ. ಬ್ಯಾಂಕ್ ಪರೀಕ್ಷೆ ಬರೆಯುವುದಿದ್ದರೆ ಖಂಡಿತ ಕೊಳ್ಳಿ. ಐಬಿಪಿಎಸ್ ಕ್ಲರ್ಕ್ ಪ್ರಿಲಿಮ್ಸ್‌ನಲ್ಲಿ 35 ರೀಸನಿಂಗ್ ಪ್ರಶ್ನೆಗೆ ಸಿಗುವುದು 20 ನಿಮಿಷ, ಕೈ ಪಳಗಿರಲೇಬೇಕು. ಆದರೆ ಅಲ್ಲಿ ಲೆಕ್ಕಕ್ಕೆ ಬರುವುದು ಉತ್ತರ ಮಾತ್ರ. ಅದನ್ನು ಹೇಗೆ ಮುಟ್ಟಿದಿರಿ ಎಂದು ಯಾರೂ ಕೇಳುವುದಿಲ್ಲ. ಸಂದರ್ಶನದಲ್ಲಿ ಕೇಳುವುದೇ ಅದನ್ನು. ‘ಚೆನ್ನಾಗಿದೆ ಸರ್’ ಎಂದಾಗ ನಿಮಗೆ ನೀವೇ ಅಂಕ ಕೊಟ್ಟುಕೊಂಡಿರಿ. ಎದುರಿಗಿದ್ದವರಿಗೆ ಬೇಕಾಗಿದ್ದದ್ದು ಉತ್ತರ ಪತ್ರಿಕೆ.

ನಿಮ್ಮ ಪತ್ರ ಓದಿ ಮನಸ್ಸಿಗೆ ಕಸಿವಿಸಿಯಾಯಿತು. ಎರಡು ವರ್ಷ ಲೆಕ್ಕ ಬರೆದವರ ಹತ್ತಿರ ಈ ಪ್ರಶ್ನೆಗೆ ಉತ್ತರ ಇಲ್ಲದೇ ಇರುವುದಿಲ್ಲ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದ ಒಂದು ಸಂಜೆಯನ್ನು ನೆನಪಿಸಿಕೊಳ್ಳಿ. 270 ರೂಪಾಯಿ ವ್ಯತ್ಯಾಸ ಬಂದಿದೆ ಎನ್ನೋಣ. ಎರಡೂ ಕಡೆ ಮತ್ತೆ ಕೂಡಿದಿರಿ, ವ್ಯತ್ಯಾಸ ಹಾಗೇ ಉಳಿಯಿತು. ಮೊದಲ ಪುಟದಿಂದ ಒಂದೊಂದೇ ಸಾಲು ತಡಕುತ್ತಾ ಹೋದರೆ ರಾತ್ರಿಯಾಗುತ್ತದೆ. ಲೆಕ್ಕ ಬಲ್ಲವರು ಆ 270ನ್ನೇ ಮಾತಾಡಿಸುತ್ತಾರೆ. ಅದರ ಅರ್ಧ 135. ಡೆಬಿಟ್‌ಗೆ ಹೋಗಬೇಕಾದ 135 ಕ್ರೆಡಿಟ್‌ಗೆ ಹೋಗಿದ್ದರೆ ವ್ಯತ್ಯಾಸ ಸರಿಯಾಗಿ 270 ಬರುತ್ತದೆ. ಹುಡುಕಿದಿರಿ, 135 ಎಲ್ಲೂ ಇಲ್ಲ. ಸರಿ, 270 ಒಂಬತ್ತರಿಂದ ಭಾಗವಾಗುತ್ತದೆಯೇ? ಆಗುತ್ತದೆ. ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರ ಮಗ್ಗಿಯಲ್ಲೇ ಇರುತ್ತದೆ. ಬಿಡಿ-ಹತ್ತರ ಅದಲುಬದಲು ಇಷ್ಟು ದೊಡ್ಡ ವ್ಯತ್ಯಾಸ ತರಲಾರದು. ಹಾಗಾದರೆ ಅದಲುಬದಲಾಗಿರುವುದು ನೂರು ಮತ್ತು ಹತ್ತರ ಸ್ಥಾನ, ಆ ಎರಡು ಅಂಕಿಗಳ ನಡುವಿನ ಅಂತರ ಮೂರು. ಇಲ್ಲವೇ ಒಂದು ಸೊನ್ನೆ ಬಿಟ್ಟುಹೋಗಿ 300 ಇದ್ದದ್ದು 30 ಆಗಿದೆ. ಈಗ ಇಡೀ ಪುಸ್ತಕದಲ್ಲಿ ನೋಡಬೇಕಾದದ್ದು ನಾಲ್ಕಾರು ಸಾಲು. ಸಿಕ್ಕಿತು: ಬೆಲ್ಲದ ಬಾಬತ್ತು 850 ಇದ್ದದ್ದು ಖಾತೆಯಲ್ಲಿ 580 ಆಗಿ ಕೂತಿದೆ.

ಇದನ್ನು ನಡೆದ ಕ್ರಮದಲ್ಲೇ ಹೇಳಿ. ‘135 ಹುಡುಕಿದೆ, ಸಿಗಲಿಲ್ಲ’ ಎಂಬುದನ್ನು ನಾಚಿಕೊಂಡು ಬಿಡಬೇಡಿ. ಒಂದು ಊಹೆ ಸುಳ್ಳಾದಾಗ ನೀವು ಏನು ಮಾಡುತ್ತೀರಿ ಎಂಬುದು ಅಲ್ಲೇ ಕಾಣುವುದು. ಘಟನೆ ಮಾತ್ರ ನಿಮ್ಮದೇ ಆಗಿರಲಿ, ನನ್ನ 270 ಬೇಡ. ಎರಡನೇ ಪ್ರಶ್ನೆ ಬಂದರೆ ಎರವಲು ಕಥೆ ಕೈಕೊಡುತ್ತದೆ.

ಇನ್ನು ನಾಣ್ಯ. ಒಂಬತ್ತರಲ್ಲಿ ಒಂದರ ತೂಕ ಬೇರೆ, ತಕ್ಕಡಿಯಲ್ಲಿ ಎರಡೇ ಸಲ ತೂಗಿ ಅದನ್ನು ಹುಡುಕಬೇಕು. ಬೇರೆ ಎಂದರೆ ಹೆಚ್ಚೋ ಕಡಿಮೆಯೋ ಎಂದು ಮೊದಲು ಕೇಳಿ. ಅದು ಗೊತ್ತಿಲ್ಲದಿದ್ದರೆ ಎರಡು ತೂಕ ಸಾಲುವುದಿಲ್ಲ. ಹೆಚ್ಚು ಎಂದರು ಎನ್ನೋಣ. ಬಹಳ ಜನ ನಾಲ್ಕು-ನಾಲ್ಕು ಇಟ್ಟು ಒಂದನ್ನು ಬದಿಗಿಡುತ್ತಾರೆ. ಆಗ ಮೂರನೇ ತೂಕ ಬೇಕಾಗಬಹುದು. ಅಲ್ಲಿಗೆ ಸುಮ್ಮನಾಗಬೇಡಿ, ‘ಹೀಗೆ ಮಾಡಿದರೆ ಒಂದು ತೂಕ ಹೆಚ್ಚಾಗುತ್ತಿದೆ, ತಕ್ಕಡಿಯನ್ನು ನಾನು ಪೂರ್ತಿ ಬಳಸುತ್ತಿಲ್ಲ’ ಎಂದು ಬಾಯಿಬಿಟ್ಟು ಹೇಳಿ. ತಕ್ಕಡಿ ಎಡಕ್ಕೆ ವಾಲಬಹುದು, ಬಲಕ್ಕೆ ವಾಲಬಹುದು, ಸಮ ನಿಲ್ಲಬಹುದು. ಅದು ಕೊಡುವ ಉತ್ತರ ಮೂರು. ಆದ್ದರಿಂದ ನಾಣ್ಯವೂ ಮೂರು ಪಾಲಾಗಬೇಕು: ಮೂರು-ಮೂರು ತಟ್ಟೆಗೆ, ಮೂರು ಮೇಜಿನ ಮೇಲೆ. ಭಾರದ ನಾಣ್ಯ ಯಾವ ಪಾಲಿನಲ್ಲಿದೆ ಎಂದು ತಿಳಿದ ಮೇಲೆ ಅದರಲ್ಲೂ ಹಾಗೇ.

ಈ ಒಗಟು ಬಿಡಿಸಲಾಗದ್ದಕ್ಕೆ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಗೂಗಲ್‌ನ ಮಾನವ ಸಂಪನ್ಮೂಲ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೊ ಬಾಕ್ 2013ರಲ್ಲಿ ನ್ಯೂಯಾರ್ಕ್ ಟೈಮ್ಸ್‌ಗೆ ಕೊಟ್ಟ ಸಂದರ್ಶನದಲ್ಲಿ, ಇಂಥ ಒಗಟುಗಳಿಂದ ಅಭ್ಯರ್ಥಿಯ ಬಗ್ಗೆ ಏನೂ ತಿಳಿಯುವುದಿಲ್ಲ, ಬರೀ ಸಮಯ ಹಾಳು ಎಂದೇ ಹೇಳಿದ್ದರು. ನನ್ನ ಅಭಿಪ್ರಾಯವೂ ಅದೇ. ಆದರೂ ಕೇಳುವವರು ಕೇಳುತ್ತಾರೆ, ತಯಾರಿ ಇರಲಿ.

ಇಂಗ್ಲಿಷ್ ಬಗ್ಗೆ ನೀವು ಬರೆದಿಲ್ಲ, ಆದರೂ ಆ ಅಳುಕು ಇರಬಹುದು. ವ್ಯಾಕರಣ ಅಲ್ಲಲ್ಲಿ ಮುಗ್ಗರಿಸಿದರೂ ಪರವಾಗಿಲ್ಲ. ಮೊದಲು ಏನು, ಆಮೇಲೆ ಏನು, ಯಾಕೆ ಎಂಬ ಕೊಂಡಿ ತಪ್ಪದಿದ್ದರೆ ಮಾತು ನಿಲ್ಲುತ್ತದೆ.

ಮುಂದಿನ ಸಲ ಲೆಕ್ಕ ತಾಳೆಯಾಗದ ದಿನ, ತಪ್ಪು ಸಿಕ್ಕ ಮೇಲೆ ಪುಸ್ತಕ ಮುಚ್ಚುವ ಮೊದಲು, ಯಾವುದರ ನಂತರ ಯಾವುದನ್ನು ನೋಡಿದಿರಿ ಎಂದು ಐದಾರು ಸಾಲು ಬರೆದಿಡಿ. ಲೆಕ್ಕಪತ್ರ ಗೊತ್ತಿಲ್ಲದ ಅಮ್ಮನಿಗೋ ತಮ್ಮನಿಗೋ ಅದನ್ನು ಹೇಳಿ ನೋಡಿ. ಅವರು ‘ಅದ್ಯಾಕೆ ಹಂಗೆ?’ ಎಂದು ಕೇಳಿದ ಕಡೆಯೆಲ್ಲ ನೀವೊಂದು ಮಾತು ನುಂಗಿರುತ್ತೀರಿ. ಅದನ್ನು ಸೇರಿಸಿಕೊಂಡು ಮತ್ತೆ ಹೇಳಿ.