ಮೂರನೇ ಮಹಡಿಯ ಲೆಕ್ಕ



ಚೀನೀ ಕ್ಲಾಸು ಬಿಡುತ್ತೀಯಂತೆ. ನಿನ್ನಮ್ಮ ಫೋನಿನಲ್ಲಿ ಹೇಳಿದಾಗಿನಿಂದ ತಲೆ ಕೆಟ್ಟಿದೆ. ‘ಒಂದನೆಯ, ಎರಡನೆಯ ಕಲಿಯೋಕೂ ಮೇಷ್ಟ್ರು ಬೇಕಾ, ಮೊಬೈಲು ಐದೇ ನಿಮಿಷಕ್ಕೆ ಕಲಿಸಿತು’ ಅಂದೆಯಂತೆ.

ಐದು ನಿಮಿಷ ಸಾಕು, ಒಪ್ಪಿದೆ. ಅಂಕಿಯ ಮುಂದೆ ‘ದೀ’ ಹಚ್ಚಿದರೆ ಮುಗಿಯಿತು: ದೀ ಯೀ, ದೀ ಅರ್, ದೀ ಸಾನ್. ನಮ್ಮಲ್ಲಿ ‘ಒಂದನೆಯ’ ಇರಬೇಕಾದ ಜಾಗದಲ್ಲಿ ಎಷ್ಟೋ ಸಲ ‘ಮೊದಲನೆಯ’ ಬಂದು ಕೂರುತ್ತದೆ. ಅವರಲ್ಲಿ ಆ ತಕರಾರೂ ಇಲ್ಲ. ಎರಡು ವಸ್ತು ಎಣಿಸುವಾಗಿನ ‘ಲ್ಯಾಂಗ್’ ಮಾತ್ರ ಇಲ್ಲಿಗೆ ಬರಕೂಡದು. ಆದರೆ ‘ದೀ’ ಎಲ್ಲಿ ಬಿಡಬೇಕು, ಅದನ್ನು ಕಲಿತೆಯಾ?

1998ರಲ್ಲಿ ಟೈಲ್ಸ್ ಖರೀದಿಗೆ ಚೀನಾದ ಫೋಶಾನಿಗೆ ಹೋಗಿದ್ದೆ. ಕೈಯಲ್ಲೊಂದು ಪುಟ್ಟ ಕೈಪಿಡಿ, ಬೇಕಾದ್ದಕ್ಕಿಂತ ಹೆಚ್ಚು ಧೈರ್ಯ. ವ್ಯಾಪಾರಿ ಫೋನಿನಲ್ಲಿ ‘ಸಾನ್ ಲೋ’ ಅಂದ. ‘ದೀ’ ಇಲ್ಲವಲ್ಲ ಎಂದು ತಲೆ ಕೆರೆದುಕೊಂಡು, ಕೊನೆಗೆ ಮೂರನೇ ಮಹಡಿ ಎಂದೇ ಅರ್ಥ ಮಾಡಿಕೊಂಡೆ. ಅಲ್ಲಿಯವರೆಗೆ ಸರಿ. ಸ್ಯಾಂಪಲ್ಲಿನ ಚೀಲ ಹೊತ್ತು, ನೆಲಮಹಡಿ ಬಿಟ್ಟು ಮೂರು ಎಣಿಸಿ ಹತ್ತಿದೆ. ಅವರಿಗೆ ನೆಲಮಹಡಿಯೇ ಒಂದನೆಯದು! ಬೀಗ ಹಾಕಿದ ಬಾಗಿಲ ಮುಂದೆ ಮುಕ್ಕಾಲು ಗಂಟೆ ನಿಂತೆ. ಒಂದು ಮಹಡಿ ಕೆಳಗೆ ಆತ ಕಾದು ಕಾದು ಊಟಕ್ಕೆ ಹೋಗಿದ್ದ.

ಸಂಜೆ ಮನೆಗೆ ಕರೆದೊಯ್ದು ಚಹಾ ಕೊಟ್ಟ. ಅವನಿಗೆ ಇಬ್ಬರು ಅಣ್ಣಂದಿರು. ಎರಡನೆಯವನು ‘ಅರ್ ಗ’, ಅಲ್ಲೂ ‘ದೀ’ ಇಲ್ಲ. ಹಾಗಾದರೆ ಹಿರಿಯನು ‘ಯೀ ಗ’ ಇರಬೇಕೆಂದು ನಾನೇ ಲೆಕ್ಕ ಹಾಕಿ ಕರೆದೆ. ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕರು. ಅವರ ತಾಯಿ ನನ್ನ ಹೆಬ್ಬೆರಳು ಹಿಡಿದು ‘ದಾ ಗ, ದಾ ಗ’ ಎಂದು ಮೂರು ಸಲ ಹೇಳಿಸಿದರು. ‘ದಾ’ ಅಂದರೆ ದೊಡ್ಡದು. ನಮ್ಮ ಮನೆಯಲ್ಲೂ ದೊಡ್ಡಣ್ಣನೇ ತಾನೆ, ಒಂದನೇ ಅಣ್ಣ ಅನ್ನುತ್ತೇವೆಯೇ? ಇನ್ನು ಅವರ ತಿಂಗಳು, ತಾರೀಖು, ಭಾನುವಾರ ಬಿಟ್ಟು ಉಳಿದ ವಾರಗಳು, ಶಾಲೆಯ ತರಗತಿ, ಎಲ್ಲ ಕಡೆ ‘ದೀ’ ಇಲ್ಲದ ಬರಿಯ ಅಂಕಿಯೇ.

ಬಿಡುವುದು ಉಳಿಯುವುದು ನಿನ್ನಿಷ್ಟ, ನಾನು ಒತ್ತಾಯ ಮಾಡುವವನಲ್ಲ. ಆದರೆ ತಪ್ಪಿದಾಗ ನಗುವವರಿಲ್ಲದೆ ಭಾಷೆ ಬಂದೀತೆಂದು ನಂಬಿದರೆ ನಿನ್ನಷ್ಟು ಪೆದ್ದಿ ಇಲ್ಲ. ಸೋಮಾರಿತನಕ್ಕೆ ಮೊಬೈಲಿನ ಹೆಸರು ಇಡಬೇಡ.

ಸಿಟ್ಟಿನಲ್ಲಿ ಬರೆದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಮಗಳೇ. ನಿನ್ನ ಉಚ್ಚಾರ ನನಗಿಂತ ಎಷ್ಟೋ ಚೆನ್ನ. ಸೋಮವಾರ, ಅಂದರೆ ‘ಶಿಂಗ್‌ಛೀ ಯೀ’, ಸಂಜೆ ಆರಕ್ಕೆ ಕ್ಲಾಸು. ಉಳಿದ ಎರಡು ಕಂತಿನ ಫೀಸು ನಿನ್ನೆಯೇ ಕಟ್ಟಿದ್ದೇನೆ.

ನಿನ್ನ ಸೋದರಮಾವ