ಬೇಸಗೆಯಲ್ಲಿ ಕೆಂಪೇರುವ ಚರ್ಮ

ಮಾರ್ಚ್ ತಿಂಗಳ ಮಧ್ಯಾಹ್ನ ಪರೀಕ್ಷೆ ಬರೆದು, ಬಿಸಿಲಿನಲ್ಲಿ ನಡೆದು ಮನೆ ಸೇರಿದ ವಿದ್ಯಾರ್ಥಿಯ ಮುಖ ಕೆಂಪಡರಿರುತ್ತದೆ. ಅಂದಿನ ರಾತ್ರಿ ಕತ್ತಿನ ಹಿಂಭಾಗ ಉರಿಯತೊಡಗುತ್ತದೆ. ವಾರ ಕಳೆಯುವುದರೊಳಗೆ ಬೆನ್ನಿನ ಮೇಲೆ ಸಾಸಿವೆ ಕಾಳಿನಂಥ ಗುಳ್ಳೆಗಳೆದ್ದು ಚುಚ್ಚತೊಡಗುತ್ತವೆ. ಜನರು ಈ ಮೂರನ್ನೂ 'ಉಷ್ಣ' ಎಂಬ ಒಂದೇ ಮಾತಿನಿಂದ ಕರೆಯುವುದುಂಟು. ಆದರೆ ಮೂರರ ಕಾರಣವೂ ಬೇರೆ, ಪರಿಹಾರವೂ ಬೇರೆ.

ಮೊದಲನೆಯದು ರೋಗವೇ ಅಲ್ಲ. ನಮ್ಮ ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ ಸೆಂಟಿಗ್ರೇಡಿನಲ್ಲಿ ನಿಲ್ಲಬೇಕು. ಅದು ಏರತೊಡಗಿದೊಡನೆ ಚರ್ಮದ ಸೂಕ್ಷ್ಮ ರಕ್ತನಾಳಗಳು ಹಿಗ್ಗುತ್ತವೆ. ಬಿಸಿ ರಕ್ತವು ಹೊರಮೈಗೆ ಹರಿದು ಶಾಖವನ್ನು ಬಿಟ್ಟುಕೊಡುತ್ತದೆ. ಕೆಂಪು ಬಣ್ಣ ಆ ರಕ್ತದ್ದೇ. ನೆರಳಿನಲ್ಲಿ ಕುಳಿತು ನೀರು ಕುಡಿದರೆ ಸ್ವಲ್ಪ ಹೊತ್ತಿನಲ್ಲಿ ಅದು ತಾನಾಗಿ ಇಳಿಯುತ್ತದೆ.

ಎರಡನೆಯದು ಬಿಸಿಲಿನ ಸುಡುವಿಕೆ. ಇದಕ್ಕೆ ಕಾರಣ ಶಾಖವಲ್ಲ, ಸೂರ್ಯನ ಅತಿನೇರಳೆ ಕಿರಣಗಳು. ಇವು ಚರ್ಮದ ಜೀವಕೋಶಗಳಿಗೆ ಹಾನಿ ಮಾಡುತ್ತವೆ. ಉರಿಯು ಕೆಲವು ಗಂಟೆಗಳ ಅನಂತರ ತೋರಿ, 12ರಿಂದ 24 ಗಂಟೆಗಳಲ್ಲಿ ಶಿಖರವನ್ನು ಮುಟ್ಟುತ್ತದೆ. ಚರ್ಮದಲ್ಲಿರುವ ಮೆಲನಿನ್ ಎಂಬ ವರ್ಣದ್ರವ್ಯ ಈ ಕಿರಣಗಳನ್ನು ತಡೆಯುತ್ತದೆಯಾದರೂ ಪೂರ್ಣವಾಗಿ ತಡೆಯಲಾರದು. ಕಪ್ಪು ಮೈಬಣ್ಣದವರಲ್ಲಿ ಕೆಂಪು ಎದ್ದು ಕಾಣದು. ಉರಿ ಮತ್ತು ಮುಟ್ಟಿದರೆ ನೋವು, ಇವೇ ಗುರುತು. ಕೊಡೆ, ತುಂಬುತೋಳಿನ ಅಂಗಿ, ನಡುಹಗಲಿನ ಬಿಸಿಲನ್ನು ತಪ್ಪಿಸುವುದು, ಇವು ರಕ್ಷಣೆ. ಸುಟ್ಟ ಭಾಗಕ್ಕೆ ತಣ್ಣೀರಿನ ಬಟ್ಟೆ ಹಿತಕರ. ಬೊಬ್ಬೆಗಳೆದ್ದರೆ ಒಡೆಯಕೂಡದು.

ಮೂರನೆಯದೇ ಬೆವರುಸಾಲೆ. ನಮ್ಮ ಚರ್ಮದಲ್ಲಿ 20ರಿಂದ 40 ಲಕ್ಷ ಬೆವರಿನ ಗ್ರಂಥಿಗಳಿವೆ. ಒಂದು ಲೀಟರ್ ಬೆವರು ಆವಿಯಾದರೆ ದೇಹದಿಂದ ಸುಮಾರು 580 ಕಿಲೊಕ್ಯಾಲೊರಿ ಶಾಖ ಹೊರಹೋಗುತ್ತದೆ. ತಂಪು ದೊರೆಯುವುದು ಬೆವರು ಸುರಿಯುವುದರಿಂದಲ್ಲ, ಆರುವುದರಿಂದ. ಇದನ್ನು ನೀವೇ ಪರೀಕ್ಷಿಸಬಹುದು: ಎರಡೂ ಕೈಗಳನ್ನು ಒದ್ದೆ ಮಾಡಿ, ಒಂದಕ್ಕೆ ಪ್ಲಾಸ್ಟಿಕ್ ಚೀಲವನ್ನು ತೊಡಿಸಿ ಬೀಸಣಿಗೆಯ ಮುಂದೆ ಹಿಡಿಯಿರಿ. ತಣ್ಣಗಾಗುವುದು ತೆರೆದ ಕೈ ಮಾತ್ರ.

ಮಂಗಳೂರು, ಕಾರವಾರಗಳ ಕಡೆ ಗಾಳಿಯಲ್ಲಿ ತೇವ ಹೆಚ್ಚು. ಬೆವರು ಬೇಗ ಆರದು. ಬಹುಕಾಲ ಒದ್ದೆಯಾಗಿರುವ ಚರ್ಮದ ಮೇಲ್ಪದರ ನೆನೆದು ಉಬ್ಬಿ, ಬೆವರಿನ ನಾಳಗಳ ಬಾಯಿ ಮುಚ್ಚಿಹೋಗುತ್ತದೆ. ಆದರೆ ಒಳಗಿನ ಗ್ರಂಥಿ ಬೆವರನ್ನು ಸುರಿಸುತ್ತಲೇ ಇರುತ್ತದೆ. ದಾರಿ ಕಾಣದ ಬೆವರು ಸುತ್ತಲಿನ ಪದರಗಳಿಗೆ ಸೋರಿ ಉರಿಯೂತವನ್ನುಂಟುಮಾಡುತ್ತದೆ. ಕತ್ತು, ಬೆನ್ನು, ಉಡುಪು ಬಿಗಿಯುವ ಸೊಂಟ ಇದರ ನೆಲೆಗಳು. ಎಳೆಗೂಸುಗಳ ನಾಳಗಳು ಇನ್ನೂ ಬಲಿತಿರುವುದಿಲ್ಲವಾದುದರಿಂದ, ಸೆಕೆಗಾಲದಲ್ಲಿ ಅವನ್ನು ಟೋಪಿ, ದಪ್ಪ ಬಟ್ಟೆಗಳಲ್ಲಿ ಸುತ್ತಿಡುವುದು ತರವಲ್ಲ.

ಕಾರಣ ತಿಳಿದ ಮೇಲೆ ಪರಿಹಾರ ಸುಲಭ. ಗಾಳಿಯಾಡುವ ಸ್ಥಳ, ಸಡಿಲವಾದ ಹತ್ತಿಯ ಉಡುಪು, ತಣ್ಣೀರಿನ ಸ್ನಾನ, ಉಜ್ಜದೆ ಒತ್ತಿ ಒರೆಸುವುದು, ಇಷ್ಟೇ ಮುಖ್ಯ. ತುರಿಕೆಗೆ ಕ್ಯಾಲಮೈನ್ ದ್ರವವನ್ನು ಹಚ್ಚಬಹುದು. ಎಣ್ಣೆ, ಜಿಡ್ಡಿನ ಮುಲಾಮುಗಳು ಮುಚ್ಚಿದ ಬಾಯನ್ನು ಇನ್ನಷ್ಟು ಮುಚ್ಚುತ್ತವೆ. ಕೆರೆದರೆ ಗಾಯವಾಗಿ ರೋಗಾಣುಗಳು ಹೊಗುತ್ತವೆ. ಕೀವು ಕಂಡರೆ ವೈದ್ಯರಿಗೆ ತೋರಿಸಬೇಕು.

ಬೆವರುಸಾಲೆಯನ್ನು ಅಲ್ಪವೆಂದು ತಳ್ಳಿಹಾಕಲಾಗದು. ಮೈಯ ಬಹುಭಾಗದಲ್ಲಿ ಬೆವರಿನ ದಾರಿ ಮುಚ್ಚಿದರೆ ದೇಹ ತನ್ನನ್ನು ತಣಿಸಿಕೊಳ್ಳಲಾರದು. ಬಿಸಿಲಿನಲ್ಲಿ ದುಡಿಯುವವನೊಬ್ಬನ ಮೈ ಕೆಂಡದಂತೆ ಕಾದು, ಮಾತು ತೊದಲಿ, ಮಂಕು ಕವಿದರೆ, ಮೈ ಒಣಗಿರಲಿ, ಬೆವತಿರಲಿ, ಅದು ಉಷ್ಣಾಘಾತವೆಂದೇ ತಿಳಿಯಬೇಕು. ದೇಹದ ಉಷ್ಣತೆ ಆಗ 40 ಡಿಗ್ರಿಯನ್ನು ಮೀರಿರುತ್ತದೆ. ನೆರಳಿಗೊಯ್ದು, ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸುತ್ತ, ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಪ್ರಜ್ಞೆಯಿಲ್ಲದವನ ಬಾಯಿಗೆ ನೀರು ಹಾಕಕೂಡದು.

ಚರ್ಮವು ಕೇವಲ ಹೊದಿಕೆಯಲ್ಲ, ದೇಹದ ಶಾಖವನ್ನು ಹೊರಬಿಡುವ ಬಾಗಿಲು. ಅದು ಕೆಂಪೇರಿದಾಗ ಬಾಗಿಲು ತೆರೆದಿದೆಯೋ, ಸುಟ್ಟಿದೆಯೋ, ಮುಚ್ಚಿದೆಯೋ ಎಂಬುದನ್ನು ವಿಚಾರಿಸಿ ನೋಡುವುದೇ ಚಿಕಿತ್ಸೆಯ ಮೊದಲ ಹೆಜ್ಜೆ.