ಒಳಗೇ ಕುದಿಯುವ ಕ್ರಿಯಾಪದ

ಆಳಂದ, ಅಫಜಲಪುರ, ಜೇವರ್ಗಿಯ ಕಾಲೇಜುಗಳಲ್ಲಿ ಇಂಗ್ಲಿಷ್ ಓದುವ ತಮ್ಮ-ತಂಗಿಯರೇ, ‘ರಿಝೆಂಟ್’ ಎಂಬ ಕ್ರಿಯಾಪದಕ್ಕೆ ‘ಸಿಟ್ಟಾಗು’ ಎಂದಷ್ಟೇ ಬರೆದುಕೊಳ್ಳಬೇಡಿ. ಸಿಟ್ಟು ಬಂದು ಹೋಗುತ್ತದೆ. ‘ರಿಝೆಂಟ್’ ಎಂದರೆ ಅನ್ಯಾಯವಾಯಿತೆಂದು ಒಳಗೇ ಕುದಿಯುವುದು, ನಮ್ಮ ಕಡೆಯವರು ‘ಮನಸ್ಸಿನ್ಯಾಗ ಇಟ್ಕೊಂಡಾನ’ ಅನ್ನುವಂಥದ್ದು. ಹೊಲ ಪಾಲಾದಾಗ ಬಾವಿ ಇರುವ ತುಂಡು ಅಣ್ಣನಿಗೆ ಹೋಯಿತು. ತಮ್ಮ ಬಾಯಿಬಿಡಲಿಲ್ಲ, ಮರೆಯಲೂ ಇಲ್ಲ. ಅವನ ಸ್ಥಿತಿಗೆ ಈ ಪದವೇ ಸರಿ.

ಬಳಸುವಾಗ ಕನ್ನಡದ ‘ಮೇಲೆ’ ನೆನಪಾಗಿ ‘ಆನ್’ ಸೇರಿಸುತ್ತೇವೆ. ಬೇಡ. ‘ಹಿ ರಿಝೆಂಟ್ಸ್ ಹಿಸ್ ಬ್ರದರ್’, ಅಷ್ಟೇ. ಮುಂದೆ ಕ್ರಿಯೆ ಬಂದರೆ ‘ಟು’ ಅಲ್ಲ, ‘ಇಂಗ್’ ರೂಪ: ‘ಐ ರಿಝೆಂಟ್ ಬೀಯಿಂಗ್ ಇಗ್ನೋರ್ಡ್’. ಉಚ್ಚಾರಣೆಯಲ್ಲಿ ‘ಝ’ ಸ್ಪಷ್ಟವಾಗಿರಲಿ. ಇಲ್ಲದಿದ್ದರೆ ‘ರೀಸೆಂಟ್’ ಎಂದು ಕೇಳಿಸೀತು; ‘ರೀಸೆಂಟ್’ ಅಂದರೆ ಇತ್ತೀಚಿನದು.